ಬ್ರಾಯ್ಲರ್ ಕೋಳಿಯ ಕರುಳಿನ ಆರೋಗ್ಯ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಾಕಣೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹಿಕ್ಕೆ ತೆಳುವಾದ ಕೂಡಲೇ ಔಷಧದ ಅಂಗಡಿಗೆ ಓಡುವವರೇ ಹೆಚ್ಚು. ಆದರೆ ಮಾಂಸದ ಕೋಳಿಯ ಕರುಳು ಕೆಡುವ ಕಾರಣ ಬಹಳ ಸಲ ಕರುಳಿನ ಹೊರಗೇ ಇರುತ್ತದೆ: ನೀರಿನ ಟ್ಯಾಂಕಿನಲ್ಲಿ, ಹೊಟ್ಟಿನ ಹಾಸಿನಲ್ಲಿ, ಫೀಡ್ ಚೀಲದಲ್ಲಿ, ಮರಿ ಬಂದ ಮೊದಲ ರಾತ್ರಿಯ ಚಳಿಯಲ್ಲಿ. ಮೊದಲು ಅವನ್ನೆಲ್ಲ ನೋಡಿ, ಔಷಧಕ್ಕೆ ಕೊನೆಯಲ್ಲಿ ಬನ್ನಿ.

ಕರುಳಿನಲ್ಲಿ ಬ್ಯಾಕ್ಟೀರಿಯಾ ಇರುವುದೇ ರೋಗ ಅಲ್ಲವೇ?

ಅಲ್ಲ. ಬ್ಯಾಕ್ಟೀರಿಯಾ ಇಲ್ಲದ ಕರುಳೇ ಇಲ್ಲ. ಕುತ್ತಿಗೆಯ ಬುಡದ ಕಾಳಿನ ಚೀಲದಲ್ಲಿ ಮತ್ತು ಸಣ್ಣ ಕರುಳಿನಲ್ಲಿ ಹೆಚ್ಚಾಗಿ ಲ್ಯಾಕ್ಟೋಬ್ಯಾಸಿಲಸ್ ಇರುತ್ತವೆ. ಇವು ಹುಳಿ ಹುಟ್ಟಿಸಿ ರೋಗ ತರುವ ಇ. ಕೋಲಿ, ಸಾಲ್ಮೊನೆಲ್ಲಾಗಳಿಗೆ ನೆಲೆ ಸಿಗದಂತೆ ಮಾಡುತ್ತವೆ. ಸಣ್ಣ ಕರುಳು ಮುಗಿಯುವಲ್ಲಿ ಜೋಡಿ ಕುರುಡು ಕರುಳುಗಳಿವೆ. ಅಲ್ಲಿನ ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಜೀರ್ಣವಾಗದ ನಾರನ್ನು ಅವು ಕೊಳೆಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ, ಕರುಳಿನ ಒಳಪದರಕ್ಕೆ ಅದೇ ಆಹಾರ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನಂಥ ಕೆಟ್ಟ ಜಾತಿಯೂ ಆರೋಗ್ಯವಂತ ಕೋಳಿಯಲ್ಲಿ ಸ್ವಲ್ಪ ಇದ್ದೇ ಇರುತ್ತದೆ. ಜೀರ್ಣವಾಗದ ಪ್ರೋಟೀನ್ ಕೆಳಗಿಳಿದರೆ, ಅಥವಾ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರಾವಲಂಬಿ ಕರುಳಿನ ಪದರವನ್ನು ಗಾಯ ಮಾಡಿದರೆ, ಅದು ಏಕಾಏಕಿ ಹೆಚ್ಚುತ್ತದೆ.

ಹ್ಯಾಚರಿಯಿಂದ ಬರುವ ಮರಿಗೆ ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತವೆ?

ಜವಾರಿ ಕೋಳಿಯ ಮರಿ ತಾಯಿಯ ಹಿಕ್ಕೆ, ಮಣ್ಣು ಕೆದರುತ್ತ ಮೊದಲ ದಿನವೇ ಪಡೆಯುತ್ತದೆ. ಹ್ಯಾಚರಿ ಮರಿ ತಾಯಿಯನ್ನೇ ಕಂಡಿಲ್ಲ. 1973ರಲ್ಲಿ ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲ ದೊಡ್ಡ ಕೋಳಿಯ ಕರುಳಿನ ದ್ರವವನ್ನು ಮರಿಗಳಿಗೆ ಕೊಟ್ಟು, ಅವು ಸಾಲ್ಮೊನೆಲ್ಲಾವನ್ನು ತಡೆಯುತ್ತವೆ ಎಂದು ತೋರಿಸಿದರು. ಮೊದಲು ಬಂದು ಜಾಗ ಹಿಡಿದವರದೇ ಮನೆ ಎಂಬ ಲೆಕ್ಕ ಅದು. ಹಾಗೆಂದು ಹಳೆಯ ಕೋಳಿಯ ಹಿಕ್ಕೆಯನ್ನು ತಂದು ಮರಿಗೆ ಹಾಕಬೇಡಿ, ಅದರ ಜೊತೆಗೆ ರೋಗವೂ ಬರುತ್ತದೆ. ನಿಮ್ಮ ಕೈಯಲ್ಲಿರುವುದು ಮರಿಗೆ ಮೊದಲು ಸಿಗುವ ನೀರು, ಫೀಡ್, ಹಾಸು ಶುದ್ಧವಾಗಿರುವಂತೆ ನೋಡಿಕೊಳ್ಳುವುದು.

ಮರಿ ಇಳಿಸಿದ ದಿನ ಕರುಳಿಗಾಗಿ ಏನು ಮಾಡಬೇಕು?

ಮರಿಗೆ ಶಾಖ ಕೊಡುವ ಬ್ರೂಡರ್ ಅನ್ನು ಮರಿ ಬರುವ 24 ಗಂಟೆ ಮೊದಲೇ ಹಚ್ಚಿ, ಹಾಸು ಕಾಯಬೇಕು. ಮರಿಯ ಮಟ್ಟದಲ್ಲಿ ಗಾಳಿ 32ರಿಂದ 34 ಡಿಗ್ರಿ ಸೆಲ್ಸಿಯಸ್, ಹಾಸು ಸುಮಾರು 30 ಡಿಗ್ರಿ ಇರಲಿ. ಮರಿಯ ಪಾದವನ್ನು ನಿಮ್ಮ ಕೆನ್ನೆಗೆ ಹಚ್ಚಿ ನೋಡಿ. ತಣ್ಣಗಿದ್ದರೆ ಹಾಸು ತಣ್ಣಗಿದೆ ಎಂದೇ ಅರ್ಥ. ಚಳಿ ಹಿಡಿದ ಮರಿ ಗುಂಪಾಗಿ ಕೂರುತ್ತದೆ, ತಿನ್ನುವುದಿಲ್ಲ. ತಿನ್ನದಿದ್ದರೆ ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿ ನಿಧಾನವಾಗಿ ಕರಗುತ್ತದೆ, ಕೊಳೆಯಲೂ ಬಹುದು. ಮೊದಲ ವಾರದ ಸಾವಿಗೆ ಇದೊಂದು ದೊಡ್ಡ ಕಾರಣ.

ತಿಂದಿದೆಯೋ ಇಲ್ಲವೋ ಎಂದು ಕೈಯಿಂದಲೇ ತಿಳಿಯಬಹುದು. ಇಳಿಸಿದ 2 ಗಂಟೆಗೆ ಮತ್ತು 24 ಗಂಟೆಗೆ ಮೂರ್ನಾಲ್ಕು ಕಡೆಯಿಂದ 30–40 ಮರಿ ಹಿಡಿದು ಕುತ್ತಿಗೆ ಬುಡದ ಚೀಲ ಮುಟ್ಟಿ. 2 ಗಂಟೆಗೆ 100ರಲ್ಲಿ 75, 24 ಗಂಟೆಗೆ 95ಕ್ಕಿಂತ ಹೆಚ್ಚು ಮರಿಗಳ ಚೀಲ ತುಂಬಿ ಗಂಜಿಯಂತೆ ಮೆತ್ತಗಿರಬೇಕು. ಗಟ್ಟಿ ಇದ್ದರೆ ಫೀಡ್ ಸಿಕ್ಕಿದೆ, ನೀರು ಸಿಕ್ಕಿಲ್ಲ. ನೀರಿನ ಬಲೂನಿನಂತಿದ್ದರೆ ನೀರಷ್ಟೇ ಸಿಕ್ಕಿದೆ. ಈ ಎರಡು ನಿಮಿಷದ ಕೆಲಸ ಯಾವ ಟಾನಿಕ್ಕಿಗಿಂತಲೂ ಹೆಚ್ಚು ಬೆಲೆ ಬಾಳುತ್ತದೆ.

ಬೆಲ್ಲದ ನೀರು ಕೊಡಬಹುದೇ?

ದೂರದಿಂದ ಬಂದು ಬಳಲಿದ ಮರಿಗೆ ಮೊದಲ 2–4 ಗಂಟೆ, ಲೀಟರಿಗೆ 50 ಗ್ರಾಂ ಬೆಲ್ಲ ಸಾಕು. ಕರಗಿಸಿ, ಬಟ್ಟೆಯಲ್ಲಿ ಸೋಸಿ, ತೆರೆದ ಕುಡಿಕೆಯಲ್ಲಿ ಕೊಡಿ. ನಮ್ಮ ಭಾಗದಲ್ಲಿ, ಅದರಲ್ಲೂ ಮಹಾಲಿಂಗಪುರದ ಸುತ್ತ, ಬೆಲ್ಲಕ್ಕೆ ಬರವಿಲ್ಲವೆಂದು ಎರಡು-ಮೂರು ದಿನ ಕೊಡುವುದು ತಪ್ಪು. ಕುಡಿಕೆ ಅಂಟಾಗುತ್ತದೆ, ಯೀಸ್ಟ್ ಬೆಳೆಯುತ್ತದೆ, ಹಿಕ್ಕೆ ತೆಳುವಾಗುತ್ತದೆ. ಕೋಳಿ ಕುಕ್ಕಿದರೆ ನೀರು ಹನಿಸುವ ನಿಪ್ಪಲ್ ಪೈಪಿನೊಳಗೆ ಬೆಲ್ಲ ಎಂದೂ ಬಿಡಬೇಡಿ.

ಹಿಕ್ಕೆ ನೋಡಿ ಏನು ತಿಳಿಯಬಹುದು?

ಬಹಳ ತಿಳಿಯಬಹುದು, ಆದರೆ ಹಾಸಿನ ಮೇಲೆ ನೋಡಿದರೆ ತಿಳಿಯುವುದಿಲ್ಲ. ಶೆಡ್ಡಿನ ನಾಲ್ಕೈದು ಕಡೆ ಹಳೆಯ ಪೇಪರ್ ಹಾಸಿ ಒಂದು ಗಂಟೆ ಬಿಟ್ಟು ನೋಡಿ. ಒಳ್ಳೆಯ ಹಿಕ್ಕೆ ಬೂದುಮಿಶ್ರಿತ ಕಂದು ಬಣ್ಣದ್ದು, ಗಟ್ಟಿ, ತುದಿಗೆ ಬಿಳಿ ಟೋಪಿ ಹಾಕಿದಂತೆ ಇರುತ್ತದೆ. ಆ ಬಿಳಿ ಯೂರಿಕ್ ಆಮ್ಲ, ಅಂದರೆ ಕೋಳಿಯ ಮೂತ್ರ. ಹಿಕ್ಕೆಯ ಸುತ್ತ ಪೇಪರಿನಲ್ಲಿ ಹರಡಿದ ಒದ್ದೆ ಉಂಗುರ ಹಿಂದಿನ ದಿನಕ್ಕಿಂತ ದೊಡ್ಡದಾಗಿದ್ದರೆ ಕರುಳು ಅಥವಾ ನೀರು ಕೆಡುತ್ತಿದೆ.

ನಡುನಡುವೆ ಕಡು ಕಂದು ಬಣ್ಣದ, ಅಂಟಾದ, ನಾರುವ ಹಿಕ್ಕೆ ಕಂಡು ಗಾಬರಿಯಾಗುವವರಿದ್ದಾರೆ. ಅದು ಕುರುಡು ಕರುಳು ದಿನಕ್ಕೆ ಕೆಲವು ಸಲ ಖಾಲಿಯಾಗುವಾಗ ಬರುವುದು, ಸಹಜ. ಅದೇ ಹಿಕ್ಕೆ ಹಳದಿಯಾಗಿ, ಗುಳ್ಳೆ ತುಂಬಿ ನೊರೆಯಾದರೆ ಮಾತ್ರ ಒಳಗೆ ಹುದುಗುವಿಕೆ ಹೆಚ್ಚಾಗಿದೆ ಎಂದು ತಿಳಿಯಿರಿ. ಗೋವಿನಜೋಳದ ಚೂರು, ಸೋಯಾ ಕಣ ಹಾಗೇ ಕಾಣಿಸಿದರೆ ಜೀರ್ಣ ಆಗುತ್ತಿಲ್ಲ. ಕಿತ್ತಳೆ ಬಣ್ಣದ ಲೋಳೆ ಕಂಡರೆ ಕರುಳಿನ ಒಳಪದರ ಉದುರುತ್ತಿದೆ. ರಕ್ತ ಕಂಡರೆ ಮೊದಲ ಅನುಮಾನ ಕಾಕ್ಸಿಡಿಯಾದ ಮೇಲೆ. ಹಸಿರು ಹಿಕ್ಕೆ ಕೋಳಿ ತಿನ್ನುತ್ತಿಲ್ಲ, ಪಿತ್ತ ಮಾತ್ರ ಇಳಿಯುತ್ತಿದೆ ಎಂದು ಹೇಳುತ್ತದೆ. ಜೊತೆಗೆ ಗೊರಗೊರ ಉಸಿರು, ಕತ್ತು ತಿರುಚುವುದು ಇದ್ದರೆ ರಾಣಿಖೇತ್ ಎಂಬ ವೈರಸ್ ರೋಗ ಇರಬಹುದು. ಸುಣ್ಣದಂಥ ಬಿಳಿ ನೀರು 3ರಿಂದ 5 ವಾರದೊಳಗೆ ಬಂದರೆ ಗಂಬೋರೋ ಎಂಬ ಇನ್ನೊಂದು ವೈರಸ್ ರೋಗ ನೆನಪಿರಲಿ.

ಎರಡು-ಮೂರು ದಿನದ ಮರಿಯ ಬುಡಕ್ಕೆ ಹಿಕ್ಕೆ ಅಂಟಿ ಒಣಗುತ್ತದೆ. ಏಕೆ?

ಬಿಡಿ ಬಿಡಿಯಾಗಿ ಕೆಲವೇ ಮರಿಗಳಿಗೆ ಆದರೆ ಪ್ರಯಾಣದಲ್ಲಿ ನೀರು ಸಿಗದ್ದು, ಬ್ರೂಡರಿನ ಚಳಿ ಅಥವಾ ಅತಿ ಬಿಸಿ ಕಾರಣ. ಬೆಚ್ಚಗಿನ ನೀರಲ್ಲಿ ನೆನೆಸಿದ ಹತ್ತಿಯಿಂದ ಒರೆಸಿ, ಎಳೆದು ಕೀಳಬೇಡಿ. ಬಹಳ ಮರಿಗಳಿಗೆ ಬಿಳಿ ಪೇಸ್ಟ್ ಅಂಟಿ, ಸಾವೂ ಏರಿದರೆ ಸಾಲ್ಮೊನೆಲ್ಲಾ ಪುಲ್ಲೋರಂ ಇರಬಹುದು. ಅದು ಮೊಟ್ಟೆಯ ಮೂಲಕ ತಾಯಿಯಿಂದ ಬರುವ ರೋಗ, ಆದ್ದರಿಂದ ಹ್ಯಾಚರಿಗೆ ತಿಳಿಸಿ, ಪರೀಕ್ಷೆ ಮಾಡಿಸಿ.

ನಮ್ಮ ಬೋರ್‌ವೆಲ್ ನೀರು ಸವಳು. ಹಿಕ್ಕೆ ಯಾವಾಗಲೂ ತೆಳು. ಔಷಧ ಇದೆಯೇ?

ಔಷಧ ಇಲ್ಲ, ಏಕೆಂದರೆ ಅದು ರೋಗವಲ್ಲ. ಮೊದಲು ನೀರಿನಲ್ಲಿ ಕರಗಿದ ಲವಣ, ಅಂದರೆ ಟಿಡಿಎಸ್ ಅಳೆಯಿರಿ. ಲೀಟರಿಗೆ 1000 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. 1000ದಿಂದ 3000ದವರೆಗೆ ಕೋಳಿ ಬದುಕುತ್ತದೆ, ಆದರೆ ಮೇಲ್ಮಟ್ಟದಲ್ಲಿ ಹಿಕ್ಕೆ ನೀರಾಗುವುದು ಸಹಜ. 3000 ದಾಟಿದ ನೀರು ಕೋಳಿಗೆ ತಕ್ಕದ್ದಲ್ಲ. ವಿಜಯಪುರ, ಬಾಗಲಕೋಟೆಯ ಒಣ ಭಾಗದಲ್ಲಿ ಬೇಸಿಗೆಗೆ ಬೋರಿನ ಮಟ್ಟ ಇಳಿದಂತೆ ಲವಣ ಏರುವುದುಂಟು. ಹಾಗಾಗಿ ಮಳೆಗಾಲದಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಅಳೆಯಬೇಕು.

ನೀರು ಸವಳಾಗಿದ್ದರೆ ಎಲೆಕ್ಟ್ರೋಲೈಟ್ ಪುಡಿ ಹಾಕಿದಷ್ಟೂ ಕಷ್ಟ ಹೆಚ್ಚು, ಅದೂ ಲವಣವೇ. ಫೀಡ್ ನೀವೇ ಕಲಸುವುದಾದರೆ ಉಪ್ಪಿನ ಪ್ರಮಾಣವನ್ನು ಆಹಾರ ತಜ್ಞರ ಹತ್ತಿರ ಹೊಸದಾಗಿ ಲೆಕ್ಕ ಹಾಕಿಸಿ. ಒಣಮೀನು ಪುಡಿ ಹಾಕುತ್ತಿದ್ದರೆ ಅದರ ಉಪ್ಪನ್ನೂ ಸೇರಿಸಿ ಎಣಿಸಬೇಕು, ಅಗ್ಗದ ಒಣಮೀನಿನಲ್ಲಿ ಉಪ್ಪು, ಉಸುಕು ಎರಡೂ ಇರುತ್ತವೆ. ಮಳೆನೀರು ಅಥವಾ ಶುದ್ಧೀಕರಿಸಿದ ಕಾಲುವೆ ನೀರು ಬೆರೆಸಿ ಲವಣ ಇಳಿಸುವುದೇ ಗಟ್ಟಿ ಉಪಾಯ.

ಕ್ಲೋರಿನ್ ಎಷ್ಟು ಹಾಕಬೇಕು?

ಕೊನೆಯ ನಿಪ್ಪಲ್‌ನಲ್ಲಿ 3ರಿಂದ 5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಸಿಗಬೇಕು. ಟ್ಯಾಂಕಿನಲ್ಲಿ ಅಳೆದು ಸಮಾಧಾನಪಟ್ಟರೆ ಪ್ರಯೋಜನವಿಲ್ಲ. 33 ಪ್ರತಿಶತ ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪುಡಿಯಾದರೆ 1000 ಲೀಟರ್ ನೀರಿಗೆ ಸುಮಾರು 10 ಗ್ರಾಂನಿಂದ ಶುರು ಮಾಡಿ. ಬಕೆಟ್‌ನಲ್ಲಿ ಕಲಸಿ ಅರ್ಧ ಗಂಟೆ ಬಿಡಿ, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಿರಿ. ತಳದ ಸುಣ್ಣ ಹೋದರೆ ನಿಪ್ಪಲ್ ಕಟ್ಟುತ್ತದೆ. ಬಾಯಿ ತೆರೆದಿಟ್ಟ ಹಳೆಯ ಚೀಲದ ಪುಡಿಗೆ ಶಕ್ತಿ ಇರುವುದಿಲ್ಲ. ನೀರಿನ ಪಿಎಚ್ 8 ದಾಟಿದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೊದಲು ಆಮ್ಲೀಕಾರಕದಿಂದ 6–6.5ಕ್ಕೆ ಇಳಿಸಬೇಕು. ಆದರೆ ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಬಕೆಟ್‌ನಲ್ಲಿ ಎಂದೂ ಕಲಸಬೇಡಿ, ವಿಷಾನಿಲ ಏಳುತ್ತದೆ.

ಪೈಪಿನ ಒಳಗೋಡೆಯ ಲೋಳೆ ತೆಗೆಯದಿದ್ದರೆ ಎಷ್ಟು ಕ್ಲೋರಿನ್ ಹಾಕಿದರೂ ಆ ಲೋಳೆಯೇ ನುಂಗುತ್ತದೆ. ವಿಟಮಿನ್, ಔಷಧ ಬಿಟ್ಟ ದಿನವೆಲ್ಲ ಅದು ದಪ್ಪವಾಗುತ್ತದೆ. ಬ್ಯಾಚ್ ಖಾಲಿಯಾದಾಗ ಪೈಪಿಗೆ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ತುಂಬಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಜೋರು ಒತ್ತಡದಲ್ಲಿ ತೊಳೆಯಿರಿ. ಗಡಸು ನೀರಿನ ಸುಣ್ಣದ ಪದರಕ್ಕೆ ಸಿಟ್ರಿಕ್ ಆಮ್ಲವನ್ನು ಬೇರೆ ದಿನ ಬಿಡಿ.

ರಾಣಿಖೇತ್‌ನ ಲಸೋಟಾ, ಗಂಬೋರೋ ಲಸಿಕೆ ನೀರಿನಲ್ಲಿ ಕೊಡುವ 48 ಗಂಟೆ ಮೊದಲು ಕ್ಲೋರಿನ್ ನಿಲ್ಲಿಸಿ, ಲಸಿಕೆ ನೀರಿಗೆ ಲೀಟರಿಗೆ 2–2.5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ. ಪ್ರೋಬಯೋಟಿಕ್, ಅಂದರೆ ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ ಕೊಡುವ ದಿನವೂ ಕ್ಲೋರಿನ್ ಬೇಡ. ಎರಡನ್ನೂ ಒಟ್ಟಿಗೆ ಹಾಕಿ ದುಡ್ಡು ಚೆಲ್ಲುವವರು ಇಂದಿಗೂ ಇದ್ದಾರೆ.

ಹಾಸಿಗೂ ಕರುಳಿಗೂ ಏನು ಸಂಬಂಧ?

ಕೋಳಿ ದಿನವಿಡೀ ಹಾಸನ್ನು ಕುಕ್ಕುತ್ತದೆ. ಹಾಸಿನಲ್ಲಿರುವುದೆಲ್ಲ ಕರುಳಿಗೆ ಹೋಗುತ್ತದೆ, ಕರುಳಿನದೆಲ್ಲ ಹಾಸಿಗೆ ಬರುತ್ತದೆ. ಕಾಕ್ಸಿಡಿಯಾದ ತತ್ತಿ ಒಣ ಹಾಸಿನಲ್ಲಿ ಬಲಿಯುವುದಿಲ್ಲ, ಒದ್ದೆ ಮತ್ತು ಬೆಚ್ಚಗಿನ ಹಾಸಿನಲ್ಲಿ ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧವಾಗುತ್ತದೆ.

ಭತ್ತದ ಹೊಟ್ಟು 2–3 ಇಂಚು ಹಾಕಿ. ಶೇಂಗಾ ಸಿಪ್ಪೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಮಳೆಯಲ್ಲಿ ನೆನೆದ ರಾಶಿಯಾದರೆ ಅದರ ಬೂಷ್ಟು ಮರಿಯ ಪುಪ್ಪುಸ ಕೆಡಿಸುತ್ತದೆ. ಜಮಖಂಡಿ, ಮುಧೋಳ, ರಾಯಬಾಗ ಕಡೆ ಕಬ್ಬಿನ ಸಿಪ್ಪೆ ಹಾಕುವವರು ಪೂರ್ತಿ ಒಣಗಿದ್ದನ್ನೇ ಹಾಕಬೇಕು, ಉಳಿದ ಸಕ್ಕರೆ ಅಂಶಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ.

ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಒತ್ತಿ ಬಿಡಿ. ಸ್ವಲ್ಪ ಅಂಟಿ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಒದ್ದೆ. ಧೂಳಾಗಿ ಜಾರಿದರೆ ಅತಿ ಒಣ. ವಾರಕ್ಕೆ ಎರಡು ಸಲ ತಂಪು ಹೊತ್ತಲ್ಲಿ ಕೆದರಿ, ಹೆಪ್ಪುಗಟ್ಟಿದ ಹೆಂಟೆಯನ್ನು ಕೆಳಗೆ ಮುಚ್ಚದೆ ಹೊರಗೆ ಹಾಕಿ. ಸುಣ್ಣ ಎರಚಿದರೆ ಒಣಗುತ್ತದೆ ನಿಜ, ಆದರೆ ಅಮೋನಿಯಾ ಏಳುತ್ತದೆ. ಕೋಳಿ ಇರುವಾಗ ತೆಳ್ಳಗೆ ಎರಚಿ, ಪರದೆ ಎತ್ತಿಡಿ. ಒದ್ದೆ ಬರೀ ಕುಡಿಕೆಯ ಸಾಲಿನ ಕೆಳಗಿದ್ದರೆ ತಪ್ಪು ಕರುಳಿನದಲ್ಲ, ನಿಪ್ಪಲ್‌ನ ಎತ್ತರದ್ದು ಅಥವಾ ಒತ್ತಡದ್ದು. ದೊಡ್ಡ ಕೋಳಿ ಕತ್ತು ಮೇಲೆತ್ತಿಯೇ ಕುಡಿಯಬೇಕು.

ಖಾನಾಪುರದಂಥ ಮಳೆ ಹೆಚ್ಚಿರುವ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾಡಪತ್ರಿ ಪೂರ್ತಿ ಇಳಿಬಿಟ್ಟು ಶೆಡ್ ಮುಚ್ಚಬೇಡಿ. ಮೇಲೆ ಒಂದು ಅಡಿ ತೆರೆದಿರಲಿ, ಒಳಗಿನ ಆವಿ ಹೋಗಲೇಬೇಕು.

ಫೀಡ್ ನಾವೇ ಕಲಸುತ್ತೇವೆ. ಕರುಳು ಕೆಡದಂತೆ ಏನು ನೋಡಬೇಕು?

ಮೊದಲು ಗೋವಿನಜೋಳದ ತೇವ. 12 ಪ್ರತಿಶತದ ಆಸುಪಾಸಿಗೆ ಒಣಗಿರಬೇಕು. ಒಣ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಾಳು, ಒಂದು ಚಮಚ ಪೂರ್ತಿ ಒಣಗಿದ ಉಪ್ಪು ಹಾಕಿ ಎರಡು ನಿಮಿಷ ಅಲುಗಾಡಿಸಿ. ಉಪ್ಪು ಗಾಜಿಗೆ ಅಂಟಿದರೆ ತೇವ 15 ಪ್ರತಿಶತ ದಾಟಿದೆ, ಗೋದಾಮಿಗೆ ಹಾಕಬೇಡಿ. ತೇವದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಹುಟ್ಟುತ್ತದೆ. ಅದು ಯಕೃತ್ತನ್ನು ಸುಡುತ್ತದೆ, ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಭಾರತೀಯ ಮಾನಕದ ಮಿತಿ ಕಿಲೋಗೆ 20 ಮೈಕ್ರೋಗ್ರಾಂ.

ಬೈಲಹೊಂಗಲ ಕಡೆಯ ಸೋಯಾ ಅಗ್ಗಕ್ಕೆ ಸಿಕ್ಕಿತೆಂದು ಹಸಿಯಾಗಿಯೇ ಬೀಸಿ ಹಾಕಬೇಡಿ. ಹಸಿ ಸೋಯಾದಲ್ಲಿ, ಪ್ರೋಟೀನ್ ಜೀರ್ಣ ಮಾಡುವ ಟ್ರಿಪ್ಸಿನ್ ಅನ್ನು ತಡೆಯುವ ವಸ್ತು ಇದೆ. ಪ್ರೋಟೀನ್ ಜೀರ್ಣವಾಗದೆ ಕೆಳಗಿನ ಕರುಳಿಗೆ ಇಳಿದು ಕ್ಲಾಸ್ಟ್ರಿಡಿಯಂಗೆ ಊಟವಾಗುತ್ತದೆ. ಸರಿಯಾಗಿ ಹುರಿದ ಹಿಂಡಿಯೇ ಬೇಕು. ಇನ್ನು ಒಂದು ಫೀಡ್‌ನಿಂದ ಇನ್ನೊಂದಕ್ಕೆ ಒಂದೇ ದಿನದಲ್ಲಿ ಹಾರಬೇಡಿ, ಮೂರು ದಿನ ಬೆರೆಸುತ್ತ ಬದಲಿಸಿ.

ಹಿಕ್ಕೆಯಲ್ಲಿ ರಕ್ತ ಕಂಡಿತು. ಈಗ ಏನು?

ಕಾಕ್ಸಿಡಿಯಾ ತರುವ ರೋಗ ಕಾಕ್ಸಿಡಿಯೋಸಿಸ್, ಸಾಮಾನ್ಯವಾಗಿ 3ರಿಂದ 5ನೇ ವಾರದಲ್ಲಿ ಕಾಣುತ್ತದೆ. ಅದರ ಜಾತಿಗಳಲ್ಲಿ ಐಮೇರಿಯಾ ಟೆನೆಲ್ಲಾ ಕುರುಡು ಕರುಳಿನಲ್ಲಿ ರಕ್ತ ತುಂಬಿಸುತ್ತದೆ. ಅಸೆರ್ವುಲಿನಾ ರಕ್ತವಿಲ್ಲದೆ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಬಿಳಿ ಗೆರೆ ಎಳೆಯುತ್ತದೆ, ತೂಕ ಕದಿಯುವುದು ಹೆಚ್ಚಾಗಿ ಇದೇ. ರಕ್ತ ಇಲ್ಲ ಎಂದ ಮಾತ್ರಕ್ಕೆ ಕಾಕ್ಸಿ ಇಲ್ಲ ಎಂದಲ್ಲ.

ಪಶುವೈದ್ಯರು ಖಚಿತಪಡಿಸಿದರೆ ಸಾಮಾನ್ಯ ಚಿಕಿತ್ಸೆ ಆಂಪ್ರೋಲಿಯಂ. 20 ಪ್ರತಿಶತದ ಪುಡಿಯಾದರೆ ಲೀಟರಿಗೆ 0.6 ಗ್ರಾಂ, ತೀವ್ರವಿದ್ದರೆ 1.2 ಗ್ರಾಂ, 3–5 ದಿನ. ಆಮೇಲೆ 0.3 ಗ್ರಾಂನಂತೆ 1–2 ವಾರ. ಆ ದಿನಗಳಲ್ಲಿ ಬೇರೆ ನೀರು ಇಡಬೇಡಿ. ಬಿ-ಕಾಂಪ್ಲೆಕ್ಸ್ ಅಂತೂ ಬೇಡವೇ ಬೇಡ. ಆಂಪ್ರೋಲಿಯಂ ಕಾಕ್ಸಿಡಿಯಾವನ್ನು ಕೊಲ್ಲುವುದೇ ಬಿ1 ವಿಟಮಿನ್ ಸಿಗದಂತೆ ಮಾಡಿ. ನೀವು ಅದೇ ವಿಟಮಿನ್ ಕೊಟ್ಟರೆ ಪರಾವಲಂಬಿಗೇ ಊಟ ಹಾಕಿದಂತೆ. ಜೊತೆಗೆ ಒದ್ದೆ ಹಾಸು ಅದೇ ದಿನ ತೆಗೆಯಿರಿ.

ಇನ್ನೊಂದು ಎಚ್ಚರಿಕೆ: ಫೀಡ್‌ನಲ್ಲಿ ಕಾಕ್ಸಿ ತಡೆಯಲು ಬೆರೆಸುವ ಸಾಲಿನೋಮೈಸಿನ್ ಅಥವಾ ಮೊನೆನ್ಸಿನ್ ಇರುವಾಗ ಉಸಿರಾಟದ ರೋಗಕ್ಕೆಂದು ಟಿಯಾಮುಲಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರೆ ಕೋಳಿಗಳು ಕಾಲು ಸತ್ತು ಬೀಳುತ್ತವೆ, ಸಾಯುತ್ತವೆ. ಚೀಲದ ಚೀಟಿ ಓದದೆ ಔಷಧ ಹಾಕಬೇಡಿ.

ರಕ್ತ ಇಲ್ಲ, ಆದರೆ ಕೋಳಿ ಸಾಯುತ್ತಿವೆ, ಕರುಳು ಉಬ್ಬಿದೆ. ಇದೇನು?

ನೆಕ್ರೋಟಿಕ್ ಎಂಟರೈಟಿಸ್ ಇರಬಹುದು. ಸಣ್ಣ ಕರುಳು ಗಾಳಿ ತುಂಬಿದಂತೆ ಉಬ್ಬಿ, ಮುಟ್ಟಿದರೆ ಹರಿಯುವಷ್ಟು ತೆಳುವಾಗಿ, ಒಳಗೆ ಹಳದಿ-ಕಂದು ಒರಟು ಟವೆಲ್‌ನಂಥ ಪದರ ಇರುತ್ತದೆ. ಕ್ಲಾಸ್ಟ್ರಿಡಿಯಂನ ವಿಷ ಇದಕ್ಕೆ ಕಾರಣ, ಮೊದಲು ದಾರಿ ಮಾಡಿಕೊಟ್ಟದ್ದು ಬಹುತೇಕ ಕಾಕ್ಸಿಡಿಯಾ. ವೈದ್ಯರನ್ನು ಅಂದೇ ಕರೆಯಿರಿ. ಸಾವಿಲ್ಲದೆ ಒಳಗೊಳಗೇ ನಡೆಯುವ ರೂಪ ಇನ್ನೂ ನಷ್ಟದ್ದು, ಫೀಡ್ ಖರ್ಚಾಗುತ್ತದೆ, ತೂಕ ಬರುವುದಿಲ್ಲ.

ಆ ನಷ್ಟ ಎಷ್ಟು?

ಎಫ್‌ಸಿಆರ್, ಅಂದರೆ ಒಂದು ಕಿಲೋ ತೂಕಕ್ಕೆ ತಿನ್ನುವ ಫೀಡ್‌ನ ಕಿಲೋ ಲೆಕ್ಕ, 1.6 ಇದ್ದದ್ದು 1.7 ಆದರೆ, 2 ಕಿಲೋದ 1000 ಕೋಳಿಗೆ 3200 ಕಿಲೋ ಬದಲು 3400 ಕಿಲೋ ಫೀಡ್. 50 ಕಿಲೋದ ನಾಲ್ಕು ಚೀಲ. ಗುತ್ತಿಗೆ ಸಾಕಣೆಯಲ್ಲಿ ಇದು ನೇರವಾಗಿ ನಿಮ್ಮ ಕೂಲಿಯಿಂದಲೇ ಕಡಿತವಾಗುತ್ತದೆ.

ಯಾವ ಪ್ರೋಬಯೋಟಿಕ್ ಒಳ್ಳೆಯದು?

ಪೆಲೆಟ್ ಫೀಡ್‌ಗಾದರೆ ಬ್ಯಾಸಿಲಸ್ ಸಬ್‌ಟಿಲಿಸ್‌ನಂಥ ಬೀಜಕಣ ರೂಪದ್ದು, ಏಕೆಂದರೆ ಅದು ಯಂತ್ರದ ಬಿಸಿ ತಡೆಯುತ್ತದೆ. ಲ್ಯಾಕ್ಟೋಬ್ಯಾಸಿಲಸ್ ತಡೆಯುವುದಿಲ್ಲ, ಅದನ್ನು ನೀರಿನಲ್ಲಿ ಕೊಡಬೇಕು, ಚೀಟಿ ಹೇಳಿದಂತೆ ತಂಪಿನಲ್ಲಿಡಬೇಕು. ಕೊಡಬೇಕಾದ ಹೊತ್ತು ಮೂರು: ಮೊದಲ 3–5 ದಿನ, ಫೀಡ್ ಬದಲಿಸುವಾಗ, ಆ್ಯಂಟಿಬಯೋಟಿಕ್ ಕೋರ್ಸ್ ಮುಗಿದ ಮೇಲೆ. ಚೀಟಿಯ ಮೇಲೆ ಜಾತಿಯ ಹೆಸರು, ಗ್ರಾಂಗೆ ಎಷ್ಟು ಜೀವಕಣ, ಮುಗಿಯುವ ದಿನಾಂಕ ಇಲ್ಲದ್ದನ್ನು ಕೊಳ್ಳಬೇಡಿ. ಇದು ತಡೆಗೆ ಉಪಯೋಗ, ರೋಗ ಬಿದ್ದ ಮೇಲೆ ಔಷಧವಲ್ಲ.

ಮಜ್ಜಿಗೆ, ಬೆಳ್ಳುಳ್ಳಿ, ಅರಿಶಿನ?

ಮಜ್ಜಿಗೆಯಲ್ಲಿ ಹುಳಿಯೂ ಇದೆ, ಲ್ಯಾಕ್ಟೋಬ್ಯಾಸಿಲಸ್‌ಗಳೂ ಇವೆ. ಆದರೆ ಹಾಲಿನ ಸಕ್ಕರೆ ಕೋಳಿಗೆ ಜೀರ್ಣವಾಗುವುದಿಲ್ಲ, ಹೆಚ್ಚಾದರೆ ಭೇದಿ. ಕೊಡಲೇಬೇಕೆಂದರೆ ತೆಳುವಾಗಿ, ಉಪ್ಪಿಲ್ಲದೆ, ತೆರೆದ ಕುಡಿಕೆಯಲ್ಲಿ ಎರಡು ಗಂಟೆ, ಆಮೇಲೆ ಕುಡಿಕೆ ತೊಳೆಯಿರಿ. ಬೆಳ್ಳುಳ್ಳಿ, ಅರಿಶಿನದಿಂದ ಸ್ವಲ್ಪ ಅನುಕೂಲ ಇರಬಹುದು. ರಕ್ತಭೇದಿಗೆ ಅವನ್ನೇ ನಂಬಿ ಎರಡು ದಿನ ಕಾಯಬೇಡಿ.

ಮುಂಜಾಗ್ರತೆಗೆ ಆ್ಯಂಟಿಬಯೋಟಿಕ್ ಹಾಕಿದರೆ ತಪ್ಪೇನು?

ಅದು ಕೆಟ್ಟದ್ದರ ಜೊತೆ ಒಳ್ಳೆಯದನ್ನೂ ಕೊಲ್ಲುತ್ತದೆ. ಖಾಲಿಯಾದ ಜಾಗಕ್ಕೆ ಮೊದಲು ಬರುವುದು ಔಷಧಕ್ಕೆ ಬಗ್ಗದ ಇ. ಕೋಲಿ. ಅದೇ ತಳಿ ಮಾಂಸ, ಗೊಬ್ಬರ, ಕೈಗಳ ಮೂಲಕ ಮನೆಗೆ ಬರುತ್ತದೆ. ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಅನ್ನು ಕೋಳಿಗೂ ಫೀಡ್‌ಗೂ ಬಳಸುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಔಷಧ ಕೆಲಸ ಮಾಡದಾಗ ವೈದ್ಯರು ಕೊನೆಯದಾಗಿ ಕೈಗೆತ್ತಿಕೊಳ್ಳುವ ಔಷಧ ಅದು. ಹಳೆಯ ದಾಸ್ತಾನು ಯಾರಾದರೂ ಕೊಟ್ಟರೂ ಮುಟ್ಟಬೇಡಿ.

ಬೇಸಿಗೆಯಲ್ಲಿ ಔಷಧ ಕೊಟ್ಟರೂ ಭೇದಿ ನಿಲ್ಲುವುದಿಲ್ಲ, ಏಕೆ?

40 ಡಿಗ್ರಿ ದಾಟುವ ಏಪ್ರಿಲ್–ಮೇ ಬಿಸಿಲಿಗೆ ಕೋಳಿ ರಕ್ತವನ್ನು ಚರ್ಮದ ಕಡೆ ತಿರುಗಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಕರುಳಿಗೆ ರಕ್ತ ಕಡಿಮೆಯಾಗಿ ಒಳಪದರ ಸಡಿಲವಾಗುತ್ತದೆ, ಬ್ಯಾಕ್ಟೀರಿಯಾ ರಕ್ತಕ್ಕೆ ನುಸುಳುತ್ತವೆ. ಜೊತೆಗೆ ನೀರು ಹೆಚ್ಚು ಕುಡಿಯುತ್ತದೆ. ತಂಪಿನಲ್ಲಿ ಒಂದು ಕಿಲೋ ಫೀಡ್‌ಗೆ 1.8–2 ಲೀಟರ್ ಕುಡಿಯುವ ಕೋಳಿ ಬಿಸಿಲಲ್ಲಿ 3 ಲೀಟರ್ ದಾಟುತ್ತದೆ. ಹಿಕ್ಕೆ ನೀರಾಗದೆ ಇನ್ನೇನು?

ಬೆಳಗ್ಗೆ 10.30ರಿಂದ ಸಂಜೆ 5ರವರೆಗೆ ಫೀಡ್ ತೆಗೆಯಿರಿ, ನೀರು ಮಾತ್ರ ಎಂದೂ ತಪ್ಪಿಸಬೇಡಿ. ಸಂಜೆ ಒಮ್ಮೆಲೇ ತುಂಬಿಸಿದರೆ ಹಸಿದ ಕೋಳಿ ಮುಗಿಬಿದ್ದು ತಿಂದು ಕರುಳು ಕೆಡಿಸಿಕೊಳ್ಳುತ್ತದೆ. ಅರ್ಧ 5ಕ್ಕೆ, ಉಳಿದದ್ದು 7ಕ್ಕೆ ಹಾಕಿ, ನಸುಕಿನ 4ಕ್ಕೆ ದೀಪ ಹಚ್ಚಿ ಮತ್ತೊಮ್ಮೆ ತಿನ್ನಿಸಿ. ಛಾವಣಿಯ ಕಪ್ಪು ಟ್ಯಾಂಕಿಗೆ ನೆರಳು ಮಾಡಿ, ಒದ್ದೆ ಗೋಣಿ ಸುತ್ತಿ. ಮಧ್ಯಾಹ್ನ ಒಂದೆರಡು ಗಂಟೆಗೊಮ್ಮೆ ಪೈಪಿನ ಬಿಸಿನೀರು ಹೊರಗೆ ಬಿಡಿ.

ಪರೀಕ್ಷೆಗೆ ಏನು ಕಳಿಸಬೇಕು?

ಆಗಷ್ಟೇ ಸತ್ತ ಎರಡು-ಮೂರು ಕೋಳಿ, ಸಾಧ್ಯವಾದರೆ ಬದುಕಿರುವ ರೋಗಿ ಕೋಳಿ. ಬಿಸಿಲಲ್ಲಿ ಒಂದೆರಡು ಗಂಟೆಯಲ್ಲೇ ಕರುಳು ಕೊಳೆಯುತ್ತದೆ. ಸತ್ತದ್ದನ್ನು ಎರಡು ಪಾಲಿಥಿನ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಮೇಲಿಟ್ಟು ಒಯ್ಯಿರಿ, ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ. ವಯಸ್ಸು, ಲಸಿಕೆಯ ದಿನಾಂಕ, ಕೊಟ್ಟ ಔಷಧ, ದಿನದ ಸಾವು ಬರೆದು ಕಳಿಸಿ. ತಾಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಪಶುಪಾಲನಾ ಸಹಾಯವಾಣಿ 1962. ಒಂದೇ ಸಲ ರಾಶಿ ರಾಶಿ ಸತ್ತರೆ ನೀವೇ ಕೊಯ್ದು ನೋಡಬೇಡಿ, ಹಕ್ಕಿಜ್ವರ ಇದ್ದರೆ ಜೀವಕ್ಕೆ ಅಪಾಯ. ಇಲಾಖೆಗೆ ತಿಳಿಸಿ.

ಎರಡು ಬ್ಯಾಚ್ ನಡುವೆ?

ಹಾಸು ಪೂರ್ತಿ ತೆಗೆದು, ಕೆರೆದು, ತೊಳೆದು, ಒಣಗಿಸಿ, ಕನಿಷ್ಠ 14 ದಿನ ಖಾಲಿ ಬಿಡಿ. ಕಾಕ್ಸಿಡಿಯಾ ತತ್ತಿ ಸಾಮಾನ್ಯ ಫಿನೈಲ್, ಕ್ಲೋರಿನ್‌ಗೆ ಸಾಯುವುದಿಲ್ಲ. ಬಿಸಿ ಮತ್ತು ಒಣಗು ಅದರ ಶತ್ರು. ನೆಲಕ್ಕೆ ಬೆಂಕಿ ಬರ್ನರ್ ಆಡಿಸಿ, ಆಮೇಲೆ ಸುಣ್ಣ ಬಳಿಯಿರಿ.

ಮಾರುವ ದಿನ ಎಷ್ಟು ಹೊತ್ತು ಮೊದಲು ಫೀಡ್ ನಿಲ್ಲಿಸಬೇಕು?

ಕತ್ತರಿಸುವ ಹೊತ್ತಿಗೆ ಫೀಡ್ ನಿಲ್ಲಿಸಿ 8ರಿಂದ 12 ಗಂಟೆ ಆಗಿರಬೇಕು, ಗಾಡಿಯ ಪ್ರಯಾಣವನ್ನೂ ಸೇರಿಸಿ ಎಣಿಸಿ. ನೀರು ಹಿಡಿಯುವ ಗಳಿಗೆಯವರೆಗೂ ಇರಲಿ. ಕಡಿಮೆ ಹೊತ್ತಾದರೆ ತುಂಬಿದ ಕರುಳು ಹರಿದು ಮಾಂಸಕ್ಕೆ ಹಿಕ್ಕೆ ಹತ್ತುತ್ತದೆ. ಹೆಚ್ಚು ಹೊತ್ತಾದರೆ ಹಸಿದ ಕೋಳಿ ಹಾಸು ತಿನ್ನುತ್ತದೆ, ಕರುಳಿನ ಗೋಡೆ ತೆಳುವಾಗಿ ಆಗಲೂ ಹರಿಯುತ್ತದೆ. ಔಷಧ ಕೊಟ್ಟಿದ್ದರೆ ಚೀಟಿಯಲ್ಲಿ ಬರೆದ ವಿರಾಮದ ದಿನಗಳು ಮುಗಿಯುವವರೆಗೆ ಗಾಡಿ ತುಂಬಬೇಡಿ.